ಮಣ್ಣಿನ ತರಗತಿಗೆ ವಾರ್ಮ್-ಅಪ್ ಬೇಕಾ? ಬೇಕಾದರೆ ಎಂಥದ್ದು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬಸವೇಶ್ವರನಗರದ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಈ ವರ್ಷ ಆರನೇ ತರಗತಿಗೆ ಜೇಡಿಮಣ್ಣಿನ ಕೆಲಸ ಶುರು ಮಾಡಿದ್ದೇನೆ. ತರಗತಿಯಲ್ಲಿ 42 ಮಕ್ಕಳು. ವಾರಕ್ಕೆ ಒಂದೇ ಪೀರಿಯಡ್, 40 ನಿಮಿಷ. ಇಂಟರ್ನೆಟ್‌ನಲ್ಲಿ ನೋಡಿಕೊಂಡು ಪ್ರತಿ ಸಲ ಮೊದಲು ವಾರ್ಮ್-ಅಪ್ ಮಾಡಿಸುತ್ತೇನೆ. ಕಣ್ಣು ಮುಚ್ಚಿಕೊಂಡು ಪ್ರಾಣಿ ಮಾಡುವುದು, ಯಾರ ಗೋಪುರ ಎತ್ತರ ಅನ್ನುವ ಪಂದ್ಯ, ಮಣ್ಣನ್ನು ಚೆನ್ನಾಗಿ ಹಿಸುಕಿ ಬಡಿಯುವುದು, ಹೀಗೆ. ಮಕ್ಕಳಿಗೆ ಖುಷಿ. ಆದರೆ 15 ನಿಮಿಷ ಅದಕ್ಕೇ ಹೋಗುತ್ತದೆ. ಮಾಡಿದ ಪ್ರಾಣಿಯನ್ನು ಮುರಿಯಲು ಒಪ್ಪುವುದಿಲ್ಲ, ಅತ್ತವರೂ ಇದ್ದಾರೆ. ಆಮೇಲೆ ಹಣತೆ ಮಾಡಲು ಕೂತರೆ ಮಣ್ಣೆಲ್ಲ ಬಿರುಕು. ನೀರು ಹಾಕಿದರೆ ಕೆಸರು. ಬಿಟ್ಟುಬಿಡೋಣ ಅಂದರೆ, ಮೊದಲು ಚೆನ್ನಾಗಿ ಬಡಿಯದಿದ್ದರೆ ಒಳಗೆ ಗಾಳಿ ಉಳಿದು ಸುಡುವಾಗ ಸಿಡಿಯುತ್ತದೆ ಎಂದು ಕೇಳಿದ್ದೇನೆ. ಹೆಡ್‌ಮಿಸ್ ‘ಈ ಆಟ ನಿಲ್ಲಿಸಿ, ನೇರ ಕೆಲಸಕ್ಕೆ ಬನ್ನಿ’ ಅನ್ನುತ್ತಿದ್ದಾರೆ. ಇನ್ನು ಇಬ್ಬರು ಮಕ್ಕಳು ಮಣ್ಣನ್ನು ಮುಟ್ಟುವುದೇ ಇಲ್ಲ. ಏನು ಮಾಡಲಿ?

ಉತ್ತರ: ನಮಸ್ಕಾರ. ಪತ್ರದಲ್ಲಿ ನಾಲ್ಕೈದು ತೊಂದರೆ ಕಾಣುತ್ತವೆ, ಆದರೆ ಹೆಚ್ಚಿನವು ಒಂದೇ ಕಡೆಯಿಂದ ಹುಟ್ಟಿವೆ. ನೀವು ಮಾಡಿಸುವ ವಾರ್ಮ್-ಅಪ್‌ಗೂ ಆಮೇಲೆ ಮಾಡಿಸುವ ಹಣತೆಗೂ ಸಂಬಂಧವೇ ಇಲ್ಲ. ಎರಡಕ್ಕೂ ಅದೇ ಮಣ್ಣು, ಅದೇ ಸಮಯ ಖರ್ಚಾಗುತ್ತಿದೆ. ಕೆಲಸ ಶುರುವಾಗುವ ಹೊತ್ತಿಗೆ ಮಕ್ಕಳ ಕೈ ತಯಾರಾಗಿರುವುದಿಲ್ಲ, ಮಣ್ಣು ಮಾತ್ರ ಸುಸ್ತಾಗಿರುತ್ತದೆ.

ಬಿರುಕಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರಲ್ಲೇ ಇದೆ. ಜೇಡಿಮಣ್ಣಿನ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಚಪ್ಪಟೆಯಾಗಿರುತ್ತವೆ. ಕಣಗಳ ನಡುವೆ ತೆಳುವಾಗಿ ನೀರು ನಿಂತಿರುತ್ತದೆ. ಆ ನೀರಿನ ಮೇಲೆ ಅವು ಒಂದರ ಮೇಲೊಂದು ಜಾರುತ್ತವೆ. ಹಾಗಾಗಿ ಮಣ್ಣು ನಾವು ಒತ್ತಿದ ಕಡೆ ಹೋಗುತ್ತದೆ, ಕೈ ತೆಗೆದರೆ ಅಲ್ಲೇ ನಿಲ್ಲುತ್ತದೆ. ನೀರು ಕಡಿಮೆಯಾದರೆ ಕಣಗಳು ಸರಿಯಾಗಿ ಜಾರುವುದಿಲ್ಲ, ಮಣ್ಣು ಬಿರಿಯುತ್ತದೆ. ಮಕ್ಕಳ ಅಂಗೈ ಬಿಸಿ. ಒಂದು ಹಿಡಿ ಮಣ್ಣನ್ನು 15 ನಿಮಿಷ ಹಿಸುಕಿ, ಉರುಳಿಸಿ, ಮತ್ತೆ ಹಿಸುಕಿದರೆ ಮೇಲಿನ ನೀರೆಲ್ಲ ಆರಿಹೋಗುತ್ತದೆ. ಮೇಲೆ ಫ್ಯಾನ್ ತಿರುಗುತ್ತಿದ್ದರೆ ಇನ್ನೂ ಬೇಗ. ಬೆಂಗಳೂರಿನ ಫೆಬ್ರವರಿ, ಮಾರ್ಚ್ ಒಣಹವೆಯಲ್ಲಂತೂ ಕೇಳಲೇಬೇಡಿ. ಆಗ ಹಣತೆಯ ಅಂಚು ಬಿರಿಯದೇ ಇನ್ನೇನಾಗುತ್ತದೆ?

ಬಿರುಕು ಕಂಡ ತಕ್ಷಣ ಮಕ್ಕಳು ನೀರು ಸುರಿಯುತ್ತಾರೆ. ಆ ನೀರು ಅಷ್ಟು ಬೇಗ ಒಳಗೆ ಹೋಗುವುದಿಲ್ಲ. ಮೇಲೆ ಕೆಸರು, ಒಳಗೆ ಗಟ್ಟಿ. ಆಕಾರ ಕುಸಿಯುತ್ತದೆ, ಬಿರುಕು ಹಾಗೇ ಇರುತ್ತದೆ. ನೀವು ನೋಡುತ್ತಿರುವುದು ಇದನ್ನೇ. ಮಕ್ಕಳ ಮೇಜಿನಿಂದ ನೀರಿನ ಬಟ್ಟಲು ತೆಗೆದುಬಿಡಿ. ಒದ್ದೆ ಸ್ಪಂಜಿನ ಒಂದು ತುಂಡು ಕೊಡಿ. ಬೆರಳ ತುದಿಯನ್ನು ಅದಕ್ಕೆ ಒತ್ತಿಕೊಂಡು ಅಂಚಿಗೆ ಸವರಲಿ, ಅಷ್ಟು ಸಾಕು.

ಮಣ್ಣನ್ನು ಹಿಸುಕಿ ಹಿಸುಕಿ ಮೆತ್ತಗೆ ಮಾಡಬೇಕು ಅನ್ನುವ ನಂಬಿಕೆ ಎಲ್ಲಿಂದ ಬಂತು ಗೊತ್ತಾ? ನಮ್ಮ ಮಕ್ಕಳು ಮೊದಲು ಮುಟ್ಟುವುದು ಸ್ಟೇಷನರಿ ಅಂಗಡಿಯ ಬಣ್ಣದ ಕ್ಲೇ. ಅದರಲ್ಲಿ ಎಣ್ಣೆ, ಮೇಣ ಇರುತ್ತದೆ. ಪ್ಯಾಕೆಟ್‌ನಿಂದ ತೆಗೆದಾಗ ಗಟ್ಟಿ, ಕೈಯ ಬಿಸಿಗೆ ಮೆತ್ತಗಾಗುತ್ತದೆ. ಅದಕ್ಕೆ ಹಿಸುಕುವ ವಾರ್ಮ್-ಅಪ್ ಸರಿಯೇ. ಜೇಡಿಮಣ್ಣು ಇದಕ್ಕೆ ಪೂರ್ತಿ ಉಲ್ಟಾ. ಕೈಯಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಗಟ್ಟಿಯಾಗುತ್ತದೆ. ಇಂಟರ್ನೆಟ್‌ನಲ್ಲಿ ಸಿಗುವ ಎಷ್ಟೋ ಆಟಗಳು ಎಣ್ಣೆ ಕ್ಲೇಗೆ ಹೊಂದುವಂಥವು. ಹಾಗೇ ತಂದು ಜೇಡಿಮಣ್ಣಿಗೆ ಹಾಕಿದರೆ ಕೆಲಸ ಕೆಡುತ್ತದೆ.

ಈಗ ಸಿಡಿಯುವ ಭಯ. ಇದು ಬರೀ ಮಕ್ಕಳ ಟೀಚರ್‌ಗಳಲ್ಲಿ ಅಲ್ಲ, ಸ್ಟುಡಿಯೋಗೆ ಬರುವ ದೊಡ್ಡವರಲ್ಲೂ ಇದೆ. ಸಿಡಿಸುವುದು ನೀರು. ಪೂರ್ತಿ ಒಣಗದ ವಸ್ತು ಗೂಡಿಗೆ ಹೋದರೆ, 100 ಡಿಗ್ರಿ ದಾಟುವಾಗ ಒಳಗಿನ ತೇವ ಆವಿಯಾಗುತ್ತದೆ. ಆವಿಯಾದ ನೀರಿಗೆ ಮೊದಲಿಗಿಂತ ಸುಮಾರು 1,700 ಪಟ್ಟು ಜಾಗ ಬೇಕು. ಹೊರಗೆ ಹೋಗಲು ದಾರಿ ಸಿಗದಿದ್ದರೆ ಗೋಡೆ ಒಡೆದುಕೊಂಡು ಹೋಗುತ್ತದೆ. ದಪ್ಪ ವಸ್ತುಗಳೇ ಹೆಚ್ಚು ಸಿಡಿಯುವುದು ಇದಕ್ಕೇ. ದಪ್ಪ ಇದ್ದ ಕಡೆ ತೇವ ಉಳಿಯುತ್ತದೆ. ಅಂಥದ್ದರಲ್ಲೇ ಗಾಳಿಗುಳ್ಳೆಯೂ ಇರುವುದು ಜಾಸ್ತಿ, ಹಾಗಾಗಿ ಜನ ಗಾಳಿಯ ಮೇಲೆ ತಪ್ಪು ಹೊರಿಸುತ್ತಾರೆ. ಚೆನ್ನಾಗಿ ಒಣಗಿದ ಹಣತೆಯಲ್ಲಿ ಸಣ್ಣ ಗುಳ್ಳೆ ಇದ್ದರೆ ಏನೂ ಆಗುವುದಿಲ್ಲ. ಒಳಗೆ ಟೊಳ್ಳಾಗಿ ಪೂರ್ತಿ ಮುಚ್ಚಿದ ಆಕಾರ ಮಾಡಿದರೆ ಮಾತ್ರ ಸೂಜಿಯಲ್ಲಿ ಒಂದು ತೂತು ಮಾಡಿಸಿ, ಒಳಗಿನ ತೇವ ಹೊರಬರಲಿ.

ಹಾಗಾದರೆ ಕುಂಬಾರರು ಮಣ್ಣು ತುಳಿಯುವುದು, ನಾದುವುದು ಯಾಕೆ? ಹದ ಎಲ್ಲ ಕಡೆ ಒಂದೇ ಸಮ ಇರಲಿ ಅಂತ. ತಿಗರಿಯ ಮೇಲೆ ಮಣ್ಣು ತಿರುಗುವಾಗ ಒಂದು ಗಂಟು, ಒಂದು ಗುಳ್ಳೆ ಇದ್ದರೂ ಕೈ ತಡವರಿಸುತ್ತದೆ, ಗೋಡೆ ಓಲಾಡುತ್ತದೆ. ಅಂದರೆ ಕುಂಬಾರರ ಮನೆಯಲ್ಲಿ ವಾರ್ಮ್-ಅಪ್ ಆಗುವುದು ಮಣ್ಣಿಗೆ. ಅದನ್ನು ಕೆಲಸಕ್ಕೆ ಕೂರುವ ಮೊದಲೇ ಮುಗಿಸಿಟ್ಟಿರುತ್ತಾರೆ. ನಿಮ್ಮ ತರಗತಿಯಲ್ಲಿ ಆ ಕೆಲಸ ನಿಮ್ಮದು, ಹಿಂದಿನ ದಿನದ್ದು. 42 ಮಕ್ಕಳು 40 ನಿಮಿಷದಲ್ಲಿ ಮಾಡುವ ಕೆಲಸ ಅದಲ್ಲ.

ಹಿಂದಿನ ದಿನ ಏನು ಮಾಡಬೇಕು?

ಒಬ್ಬರಿಗೆ 250ರಿಂದ 300 ಗ್ರಾಂ ಲೆಕ್ಕ ಹಾಕಿ. 42 ಮಕ್ಕಳಿಗೆ ಸುಮಾರು 12 ಕೆಜಿ ಆಯಿತು. ಪಾಟರಿ ಟೌನಿನ ಕಡೆ ಹೋಗುವುದಾದರೆ ಅಲ್ಲಿನ ಕುಂಬಾರರನ್ನು ಹದ ಮಾಡಿದ ಮಣ್ಣು ಕೊಡುತ್ತೀರಾ ಅಂತ ಕೇಳಿ, ಒಂದು ದೊಡ್ಡ ಕೆಲಸ ತಪ್ಪುತ್ತದೆ. ಪೆನ್ಸಿಲ್ ದಪ್ಪಕ್ಕೆ ಒಂದು ಎಳೆ ಹೊಸೆದು ಬೆರಳಿಗೆ ಸುತ್ತಿ ನೋಡಿ. ಬಿರಿದರೆ ನೀರು ಸಾಲದು. ಕೈಗೆ ಅಂಟಿದರೆ ಜಾಸ್ತಿಯಾಗಿದೆ. ಬಿರಿಯದೆ, ಅಂಟದೆ ಸುತ್ತಿಕೊಂಡರೆ ಹದ ಬಂದಿದೆ. ನೀರು ಸಾಲದಿದ್ದರೆ ಮೇಲೆ ಸುರಿಯಬೇಡಿ. ಮುದ್ದೆಯಲ್ಲಿ ಹೆಬ್ಬೆರಳಿನಿಂದ ಆಳವಾಗಿ ಗುಂಡಿ ಮಾಡಿ, ಅದರಲ್ಲಿ ನೀರು ತುಂಬಿ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನಾದಿದರೆ ಸರಿಹೋಗುತ್ತದೆ. ನೀರು ಜಾಸ್ತಿಯಾಗಿದ್ದರೆ ಹಳೇ ಮಂಗಳೂರು ಹೆಂಚಿನ ಮೇಲೆ ಹರಡಿ. ಹೆಂಚು ನೀರನ್ನು ಚೆನ್ನಾಗಿ ಹೀರುತ್ತದೆ. ಆಮೇಲೆ ತಂತಿಯಿಂದ ಕತ್ತರಿಸಿ, ಉಂಡೆ ಮಾಡಿ, ಒದ್ದೆ ಬಟ್ಟೆ ಹಾಸಿದ ಮುಚ್ಚಳದ ಬಕೆಟ್‌ನಲ್ಲಿಡಿ. ಇಷ್ಟಾದರೆ ಮರುದಿನದ ಬಿರುಕು ಬಹುತೇಕ ನಿಂತುಹೋಗುತ್ತದೆ.

ಇನ್ನು ಮಕ್ಕಳ ವಾರ್ಮ್-ಅಪ್. ಅದು ಬೇಕು ಅಂತಲೇ ನನ್ನ ಅಭಿಪ್ರಾಯ. ಆರನೇ ತರಗತಿ ಮಗು ದಿನವಿಡೀ ಪೆನ್ನು ಹಿಡಿದಿರುತ್ತದೆ. ಹೆಬ್ಬೆರಳು ಎಷ್ಟು ಒತ್ತುತ್ತಿದೆ ಅನ್ನುವ ಗಮನ ಅದಕ್ಕೆ ಇರುವುದಿಲ್ಲ. ಆ ಗಮನ ಕೊಡಿಸುವುದೇ ವಾರ್ಮ್-ಅಪ್‌ನ ಕೆಲಸ. ನಾನು ಎರಡು ವಿಷಯ ನೋಡುತ್ತೇನೆ: ಇವತ್ತು ಮಾಡುವ ವಸ್ತುವಿನಲ್ಲಿ ಕೈಗೆ ಕಷ್ಟವಾಗುವ ಒಂದೇ ಒಂದು ಚಲನೆ ಯಾವುದು, ಅದನ್ನು ನಾಲ್ಕೈದು ನಿಮಿಷದಲ್ಲಿ ಬೇರೆ ಸಣ್ಣ ಉಂಡೆಯಲ್ಲಿ ಮಾಡಿಸಬಹುದಾ. ನಿಂಬೆಹಣ್ಣಿನ ಗಾತ್ರದ ಉಂಡೆ ಸಾಕು. ಹಣತೆಯ ಉಂಡೆಯನ್ನು ಆಗ ಮುಟ್ಟುವಂತಿಲ್ಲ.

ಹಣತೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಕಷ್ಟ ಯಾವುದು? ಗೋಡೆಯ ದಪ್ಪ ಒಂದೇ ಸಮ ಬರುವುದು. ಮಕ್ಕಳು ಅಂಚನ್ನು ಮಾತ್ರ ಹಿಚುಕಿ ತೆಳು ಮಾಡುತ್ತಾರೆ, ತಳ ದಪ್ಪವಾಗಿ ಉಳಿಯುತ್ತದೆ. ತೆಳು ಅಂಚು ಬೇಗ ಒಣಗಿ ಕುಗ್ಗುತ್ತದೆ. ದಪ್ಪ ತಳ ಇನ್ನೂ ಒದ್ದೆ, ಅದು ಕುಗ್ಗಿರುವುದಿಲ್ಲ. ಎರಡರ ಎಳೆದಾಟದಲ್ಲಿ ಬಿರುಕು ಬೀಳುತ್ತದೆ. ಹಾಗಾಗಿ ಆ ದಿನದ ವಾರ್ಮ್-ಅಪ್ ಹೀಗಿರಲಿ. ಸಣ್ಣ ಉಂಡೆಗೆ ಹೆಬ್ಬೆರಳು ಒತ್ತಿ ಗುಂಡಿ ಮಾಡಿಸಿ. ಕಣ್ಣು ಮುಚ್ಚಿಕೊಂಡು, ಉಂಡೆಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ, ತಳದಿಂದ ಮೇಲಕ್ಕೆ ಹಿಚುಕುತ್ತಾ ಬರಲಿ. ಎರಡು ನಿಮಿಷ ಸಾಕು. ಆಮೇಲೆ ಕಣ್ಣು ಬಿಟ್ಟು, ದಾರದಿಂದ ನಟ್ಟನಡುವೆ ಕತ್ತರಿಸಿ ಎರಡು ಹೋಳು ಮಾಡಲಿ. ಗೋಡೆಯ ದಪ್ಪ ಕಣ್ಣೆದುರು ಕಾಣುತ್ತದೆ. ‘ಮಿಸ್, ನಂದು ಕೆಳಗೆ ಎಷ್ಟು ದಪ್ಪ ನೋಡಿ’ ಅಂತ ಅವರೇ ಹೇಳುತ್ತಾರೆ. ತಮ್ಮ ಕಿರುಬೆರಳಿನ ದಪ್ಪ ಎಲ್ಲ ಕಡೆ ಬರಬೇಕು ಅಂತ ಹೇಳಿ, ಅಳತೆ ಅವರ ಕೈಯಲ್ಲೇ ಇರುತ್ತದೆ. ಕತ್ತರಿಸಿದ ಹೋಳು ನೇರ ಬೇರೊಂದು ಖಾಲಿ ಬಕೆಟ್‌ಗೆ.

ಗಮನಿಸಿದಿರಾ, ಇಲ್ಲೂ ಕಣ್ಣು ಮುಚ್ಚುವುದು ಇದೆ. ನಿಮ್ಮ ಆಟದಲ್ಲಿದ್ದ ಒಳ್ಳೆಯ ಅಂಶ ಅದೇ. ಕಣ್ಣು ಮುಚ್ಚಿದಾಗ ಮಗು ಬೆರಳನ್ನು ನಂಬುತ್ತದೆ. ಪ್ರಾಣಿ ಮಾಡಿ ಅಂದಿದ್ದರಿಂದ ಮಾತ್ರ ತೊಂದರೆಯಾಯಿತು. ಕಣ್ಣು, ಕಿವಿ, ಬಾಲ ಬಂದ ಮೇಲೆ ಅದಕ್ಕೆ ಹೆಸರೂ ಬರುತ್ತದೆ. ಹೆಸರಿಟ್ಟದ್ದನ್ನು ಮುರಿ ಅಂದರೆ ಯಾವ ಮಗು ಒಪ್ಪುತ್ತದೆ ಹೇಳಿ? ಅವರು ಅತ್ತದ್ದು ಸಹಜ. ವಾರ್ಮ್-ಅಪ್‌ನಲ್ಲಿ ಗೊಂಬೆ, ಪ್ರಾಣಿ, ಮುಖ ಬೇಡ. ‘ಏನು ಮಾಡಿದೆ?’ ಅಂತಲೂ ಕೇಳಬೇಡಿ. ‘ಎಲ್ಲಿ ದಪ್ಪ ಇದೆ?’, ‘ಎಲ್ಲಿ ಬಿರಿಯಿತು?’ ಅಂತ ಕೇಳಿ. ಆಗ ಅದು ಪರೀಕ್ಷೆಯ ತುಂಡಾಗಿಯೇ ಇರುತ್ತದೆ, ಬಕೆಟ್‌ಗೆ ಹಾಕಲು ಯಾರೂ ಬೇಸರ ಮಾಡುವುದಿಲ್ಲ.

ಎಳೆ ಸುತ್ತಿ ಕುಡಿಕೆ ಮಾಡಿಸುವ ವಾರ ಬಂದಾಗ ಕೋಡುಬಳೆ ಹೊಸೆಯುವ ಹಾಗೆ ಹೊಸೆಯಿರಿ ಅಂದುಬಿಡಿ. ಮನೆಯಲ್ಲಿ ನೋಡಿದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಬೆರಳ ತುದಿಯಿಂದ ಹೊಸೆದರೆ ಎಳೆ ಚಪ್ಪಟೆಯಾಗುತ್ತದೆ, ಅಂಗೈ ಪೂರ್ತಿ ಬಿಚ್ಚಿ ಹಗುರವಾಗಿ ಉರುಳಿಸಬೇಕು. ವಾರ್ಮ್-ಅಪ್ ಅಂದರೆ ಒಂದೇ ಎಳೆ, ಅದನ್ನು ಬೆರಳಿಗೆ ಸುತ್ತಿ ಬಿರಿಯುತ್ತದಾ ನೋಡುವುದು. ನೀವು ಹಿಂದಿನ ದಿನ ಮಾಡಿದ ಹದದ ಪರೀಕ್ಷೆಯೇ ಇದು. ಇದನ್ನು ಕಲಿತ ಮಕ್ಕಳು ‘ಮಿಸ್, ಇವತ್ತು ಮಣ್ಣು ಗಟ್ಟಿ’ ಅಂತ ತಾವೇ ಹೇಳಲು ಶುರು ಮಾಡುತ್ತಾರೆ. ನನಗೆ ಅದಕ್ಕಿಂತ ಖುಷಿ ಕೊಡುವ ಮಾತು ಇನ್ನೊಂದಿಲ್ಲ.

ಅಂಟಿಸುವ ಕೆಲಸ ಇರುವ ದಿನ, ಅಂದರೆ ಕಪ್ಪಿಗೆ ಹಿಡಿ, ಆನೆಗೆ ಸೊಂಡಿಲು ಇತ್ಯಾದಿ, ವಾರ್ಮ್-ಅಪ್‌ನ ಫಲ ಒಂದು ವಾರ ತಡವಾಗಿ ಸಿಗುತ್ತದೆ. ಗೋಲಿ ಗಾತ್ರದ ಎರಡು ಜೋಡಿ ಉಂಡೆ. ಒಂದು ಜೋಡಿಯನ್ನು ಸುಮ್ನೆ ಒತ್ತಿ ಅಂಟಿಸಲಿ. ಇನ್ನೊಂದಕ್ಕೆ ಎರಡೂ ಕಡೆ ಕಡ್ಡಿಯಿಂದ ಗೀರಿ, ಅದೇ ಮಣ್ಣನ್ನು ಮಂದವಾಗಿ ಕಲಸಿದ ಕೆಸರು ಹಚ್ಚಿ ಒತ್ತಲಿ. ಈ ಕೆಸರನ್ನು ಸ್ಲಿಪ್ ಅನ್ನುತ್ತಾರೆ. ಎರಡನ್ನೂ ಕಿಟಕಿ ಮೇಲಿಟ್ಟು ಮುಂದಿನ ವಾರ ಎಳೆದು ನೋಡಲಿ. ಸುಮ್ನೆ ಒತ್ತಿದ್ದು ಸಾಮಾನ್ಯವಾಗಿ ಕೈಗೇ ಬಂದುಬಿಡುತ್ತದೆ. ಆಮೇಲೆ ಗೀರದೆ ಅಂಟಿಸುವ ಮಗು ಸಿಗುವುದು ಅಪರೂಪ.

ಹಾಳೆಯಂತೆ ಲಟ್ಟಿಸುವ ದಿನಕ್ಕೂ ಒಂದು ಚೆಂದದ್ದಿದೆ. ಸಣ್ಣ ಪಟ್ಟಿ ಲಟ್ಟಿಸಿ ಅದರ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಎಳೆಸಿ. ಒಣಗಿದ ಮೇಲೆ ಅಳೆಸಿ. ಸಾಮಾನ್ಯವಾಗಿ 9.2ರಿಂದ 9.5 ಸೆಂ.ಮೀ. ಬರುತ್ತದೆ, ಮಣ್ಣಿಗೆ ತಕ್ಕಂತೆ ಬದಲಾಗುತ್ತದೆ. ಸುಟ್ಟ ಮೇಲೆ ಇನ್ನಷ್ಟು ಕುಗ್ಗಬಹುದು. ಗಣಿತದ ಟೀಚರ್‌ಗೆ ಹೇಳಿ ನೋಡಿ, ಶೇಕಡಾ ಲೆಕ್ಕಕ್ಕೆ ಅವರೂ ಖುಷಿಯಿಂದ ಬಳಸುತ್ತಾರೆ.

ಗೋಪುರದ ಪಂದ್ಯ ನನಗೆ ಇಷ್ಟ ಇಲ್ಲ. ಬೇಗ ಮಾಡಿದವರು ಗೆಲ್ಲುತ್ತಾರೆ ಅಂತ ಮಕ್ಕಳು ಕಲಿಯುತ್ತಾರೆ. ಮಣ್ಣಿನಲ್ಲಿ ಬೇಗ ಮಾಡಿದ್ದು ಬೇಗ ಬೀಳುತ್ತದೆ. ಒಬ್ಬರು ಶುರು ಮಾಡಿದ್ದನ್ನು ಪಕ್ಕದವರಿಗೆ ದಾಟಿಸುವ ಆಟವೂ ಚಾಲ್ತಿಯಲ್ಲಿದೆ. ದೊಡ್ಡವರ ಕಾರ್ಯಾಗಾರಕ್ಕೆ ಸರಿ. ಈ ವಯಸ್ಸಿನವರಲ್ಲಿ ‘ನಂದು ಹಾಳು ಮಾಡಿದ’ ಅಂತ ಜಗಳ ಗ್ಯಾರಂಟಿ.

ಸಮಯ ಎಲ್ಲಿಂದ ತರುವುದು?

42 ಮಕ್ಕಳಿಗೆ ಮಣ್ಣು ಹಂಚಲು ಹೇಗೂ ಐದಾರು ನಿಮಿಷ ಬೇಕು. ಮೊದಲು ಪಡೆದ ಮಗು ಆ ಹೊತ್ತಿನಲ್ಲಿ ಹಿಸುಕುತ್ತಾ ಕೂರುತ್ತದೆ, ಕೊನೆಯ ಬೆಂಚಿನವರು ಗಲಾಟೆ ಮಾಡುತ್ತಾರೆ. ಸಣ್ಣ ಉಂಡೆಗಳನ್ನು ತಟ್ಟೆಯಲ್ಲಿ ಬೆಂಚಿಗೊಂದರಂತೆ ಮೊದಲೇ ಇಟ್ಟಿರಿ. ಮಕ್ಕಳು ಬಂದು ಕೂತ ಕೂಡಲೇ ಅದರಲ್ಲಿ ವಾರ್ಮ್-ಅಪ್ ಶುರು. ಅಷ್ಟರಲ್ಲಿ ನೀವು, ಇಬ್ಬರು ಮಾನಿಟರ್‌ಗಳು ಸೇರಿ ದೊಡ್ಡ ಉಂಡೆ ಹಂಚಿ. ಹಂಚುವುದು ಮುಗಿದಾಗ ವಾರ್ಮ್-ಅಪ್ ಕೂಡ ಮುಗಿದಿರುತ್ತದೆ. ಬೇರೆ ಸಮಯವೇ ಬೇಡ.

ವಾರ್ಮ್-ಅಪ್ ಪೂರ್ತಿ ಬಿಡುವುದೂ ಒಂದು ದಾರಿ. ಹಣತೆಯಂಥ ಸರಳ ವಸ್ತುವಿಗೆ ನಡೆಯುತ್ತದೆ. ಆದರೆ ಮೊದಲ ತಪ್ಪುಗಳೆಲ್ಲ ಮನೆಗೆ ಒಯ್ಯುವ ವಸ್ತುವಿನ ಮೇಲೇ ಆಗುತ್ತವೆ, ಸರಿಮಾಡಲು ಮತ್ತೆ ನೀರು, ಮತ್ತೆ ಕೆಸರು. ಇನ್ನೊಂದು ದಾರಿ, ವರ್ಷದ ಮೊದಲ ಪೀರಿಯಡ್ ಪೂರ್ತಿ ಆಟಕ್ಕೇ ಬಿಟ್ಟುಬಿಡುವುದು. ಬಡಿಯಲಿ, ಗೋಪುರ ಕಟ್ಟಲಿ, ಪ್ರಾಣಿ ಮಾಡಲಿ. ಆ ಆಸೆ ತೀರದೆ ಮಕ್ಕಳು ಕೆಲಸಕ್ಕೆ ಕೂರುವುದಿಲ್ಲ, ಅದು ನಿಜ. ಅವತ್ತು ಮನೆಗೆ ಒಯ್ಯಲು ಏನೂ ಇರುವುದಿಲ್ಲ ಅಂತ ಮಕ್ಕಳಿಗೂ ಹೆಡ್‌ಮಿಸ್‌ಗೂ ಮೊದಲೇ ಹೇಳಿರಬೇಕು ಅಷ್ಟೇ. ಈ ವರ್ಷ ತಡವಾಗಿದ್ದರೂ ನಿಮ್ಮ ಮುಂದಿನ ಪೀರಿಯಡ್ ಅನ್ನು ಹೀಗೆ ಬಳಸಬಹುದು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ಒಂದು ಮಾತು. ತರಗತಿಯಲ್ಲಿ ಉತ್ತರ ಕರ್ನಾಟಕದ ಮನೆಗಳ ಮಕ್ಕಳಿದ್ದರೆ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ್ದೀರಾ ಅಂತ ಕೇಳಿ. ಅಜ್ಜಿ, ಅಪ್ಪನ ಪಕ್ಕ ಕೂತು ಮಾಡಿದವರು ಒಬ್ಬರಾದರೂ ಸಿಗಬಹುದು. ಆ ಮಗುವಿಗೆ ನಿಮ್ಮ ವಾರ್ಮ್-ಅಪ್ ಬೇಡ. ಎದುರಿಗೆ ಕೂರಿಸಿ, ಮಾಡಿ ತೋರಿಸಲು ಬಿಡಿ. ನೀವು ಹತ್ತು ಸಲ ಹೇಳಿದ್ದನ್ನು ಉಳಿದವರು ಆ ಕೈ ನೋಡಿ ಕಲಿಯುತ್ತಾರೆ.

ಮುಟ್ಟದ ಆ ಇಬ್ಬರ ಬಗ್ಗೆ. ಒತ್ತಾಯ ಬೇಡ, ಎಲ್ಲರೆದುರು ಹೆಸರು ಹಿಡಿದು ಹುರಿದುಂಬಿಸುವುದೂ ಬೇಡ. ಕೆಲವು ಮಕ್ಕಳಿಗೆ ಒದ್ದೆ, ಅಂಟು ಅನ್ನುವ ಸ್ಪರ್ಶವೇ ಸಹಿಸಲಾಗುವುದಿಲ್ಲ. ಕೆಲವರಿಗೆ ಉಗುರಿಗೆ ಕೊಳೆಯಾದರೆ ಮನೆಯಲ್ಲಿ ಬೈಗುಳ. ಚರ್ಮದ ತೊಂದರೆ ಏನಾದರೂ ಇದೆಯಾ ಅಂತ ಪೋಷಕರನ್ನು ಒಮ್ಮೆ ಕೇಳಿ. ಹಿಂದಿನ ವಾರ ಲಟ್ಟಿಸಿ, ಕವರಿನಲ್ಲಿ ಸುತ್ತಿ ಅರೆ ಒಣಗಿಸಿದ ಬಿಲ್ಲೆಯೊಂದನ್ನು ಕೊಡಿ. ಅದು ಕೈಗೆ ಅಂಟುವುದಿಲ್ಲ. ಮೊಳೆ ಅಥವಾ ಕಡ್ಡಿಯಿಂದ ಅದರ ಮೇಲೆ ಗೀರಿ ಚಿತ್ರ ಬಿಡಿಸಲಿ. ಪಕ್ಕದಲ್ಲಿ ಒದ್ದೆ ಟವೆಲ್ ಇಟ್ಟಿರಿ. ಯಾವಾಗ ಬೇಕಾದರೂ ಒರೆಸಿಕೊಳ್ಳಬಹುದು ಅಂತ ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ. ಹಲವರು ಕೆಲವು ವಾರಗಳಲ್ಲಿ ತಾವೇ ಉಂಡೆ ಕೇಳುತ್ತಾರೆ. ಕೇಳದಿದ್ದರೂ ಚಿಂತೆಯಿಲ್ಲ, ಗೀರಿದ ಬಿಲ್ಲೆಯೂ ಮಣ್ಣಿನ ಕೆಲಸವೇ.

ಅಪಾಯದ ವಿಷಯದಲ್ಲಿ ನೀವು ಗಾಳಿಗುಳ್ಳೆಗೆ ಹೆದರುವ ಬದಲು ದೂಳಿಗೆ ಹೆದರಿ. ಒಣಗಿದ ಜೇಡಿಮಣ್ಣಿನ ದೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಮಕ್ಕಳಿಗಿಂತ ದಿನವೂ ಆ ಕೋಣೆಯಲ್ಲಿರುವ ನಿಮಗೆ, ಗುಡಿಸುವ ಆಯಮ್ಮನಿಗೆ ಇದು ಮುಖ್ಯ. ಒಣ ಮಣ್ಣನ್ನು ಬಡಿಯುವ, ಪುಡಿ ಮಾಡುವ ಆಟ ಬೇಡ. ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲೇ ಒರೆಸಿ. ಕೈಯನ್ನು ಮೊದಲು ಬಕೆಟ್ ನೀರಿನಲ್ಲಿ ತೊಳೆಸಿ, ಆಮೇಲೆ ನಲ್ಲಿ. ಇಲ್ಲದಿದ್ದರೆ ಶಾಲೆಯ ಪೈಪು ಕಟ್ಟಿಕೊಳ್ಳುತ್ತದೆ, ಮಣ್ಣಿನ ತರಗತಿ ಅಲ್ಲಿಗೇ ನಿಂತುಹೋಗುತ್ತದೆ. ಬಕೆಟ್‌ನ ತಳದಲ್ಲಿ ಕೂತ ಮಣ್ಣು ಮತ್ತೆ ಬಳಕೆಗೆ ಬರುತ್ತದೆ. ವಾರ್ಮ್-ಅಪ್ ತುಂಡುಗಳನ್ನು ಪೂರ್ತಿ ಒಣಗಿಸಿ ನೀರಿಗೆ ಹಾಕಿ. ಪೂರ್ತಿ ಒಣಗಿದ್ದು ಚೆನ್ನಾಗಿ ಕರಗುತ್ತದೆ, ಅರೆ ಒಣಗಿದ್ದು ಗಂಟುಗಂಟಾಗಿ ಉಳಿಯುತ್ತದೆ.

ಹಣತೆಗಳನ್ನು ಸುಡಿಸುವ ಮೊದಲು ನೆರಳಿನಲ್ಲಿ ಕನಿಷ್ಠ ಒಂದು ವಾರ ಒಣಗಿಸಿ, ಮಳೆಗಾಲದಲ್ಲಿ ಎರಡು ವಾರ. ಕೆನ್ನೆಗೆ ಹಿಡಿದು ನೋಡಿ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ತೇವ ಇದೆ ಅಂತ ಅರ್ಥ. ಮನೆಯ ಅವನ್‌ನಲ್ಲಿಟ್ಟರೆ ಒಣಗುತ್ತದೆ ಅಷ್ಟೇ, ಸುಟ್ಟ ಮಣ್ಣಾಗುವುದಿಲ್ಲ. ಅದಕ್ಕೆ ಗೂಡಿನ 900ರಿಂದ 1,000 ಡಿಗ್ರಿ ಬೇಕು.

ಹೆಡ್‌ಮಿಸ್ ಜತೆ ವಾದ ಮಾಡಬೇಡಿ. ಅವರು ಹೇಳುವುದರಲ್ಲೂ ಅರ್ಥ ಇದೆ, 40ರಲ್ಲಿ 15 ನಿಮಿಷ ನಿಜವಾಗಿಯೂ ಜಾಸ್ತಿ. ಮುಂದಿನ ಹಣತೆ ತರಗತಿಯಲ್ಲಿ ಮಕ್ಕಳು ಕತ್ತರಿಸಿದ ಹೋಳುಗಳಲ್ಲಿ ಐದಾರನ್ನು ಒಣಗಿಸಿ, ದಿನಾಂಕ ಬರೆದು ಇಟ್ಟುಕೊಳ್ಳಿ. ಮೂರ್ನಾಲ್ಕು ವಾರ ಬಿಟ್ಟು ಅದೇ ಮಕ್ಕಳಿಂದ ಅದೇ ಕೆಲಸ ಮಾಡಿಸಿ, ಆ ಹೋಳುಗಳನ್ನೂ ಪಕ್ಕದಲ್ಲಿಡಿ. ಗೋಡೆ ಎಷ್ಟು ಸಮ ಬಂದಿದೆ ಅನ್ನುವುದನ್ನು ಅವರೇ ನೋಡಲಿ. ಅದರ ಜತೆಗೆ ಪಾಠದ ಯೋಜನೆಯಲ್ಲಿ ‘ವಾರ್ಮ್-ಅಪ್ ಆಟ’ ಅಂತ ಬರೆಯುವುದನ್ನು ಬಿಟ್ಟು ‘ಗೋಡೆ ದಪ್ಪದ ಅಭ್ಯಾಸ, 5 ನಿಮಿಷ’ ಅಂತ ಬರೆಯಿರಿ, ಮಾಡುತ್ತಿರುವುದೂ ಅದೇ ತಾನೇ.